ಕಾರಣ ಹೇಳಾಕ ಬರಬೇಕು

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು 1987ರಲ್ಲಿ ಮಂಡಲ ಪಂಚಾಯಿತಿಗೆ ಆರಿಸಿ ಬಂದಿದ್ದ ಹಿರಿಯ ಹೆಣ್ಣುಮಗಳು. ಇನ್ನೊಬ್ಬ ಅವರ ಅಕ್ಕನ ಮಗ. ಹೋದ ಚುನಾವಣೆಯಲ್ಲಿ ತಾನು ಮೆಚ್ಚಿದ ನಾಯಕನಿಗಾಗಿ ಮನೆಮನೆ ತಿರುಗಿ ಮತ ಕೇಳಿದವನು. ಗೆದ್ದ ಮೇಲೆ ಆ ನಾಯಕ ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ವಿಷಯದಲ್ಲಿ ಬೇರೆ ಮಾತು ಆಡುತ್ತಿದ್ದಾರೆ. ಅವರ ಹೆಸರು ಇಲ್ಲಿ ಬೇಕಿಲ್ಲ. ಅವರ ಜಾಗದಲ್ಲಿ ಯಾವ ಪಕ್ಷದವರನ್ನಾದರೂ ಇಟ್ಟು ಓದಬಹುದು.

ಹುಡುಗ: ನಾ ಇನ್ನ ಯಾರ ಪರವಾಗಿನೂ ಓಟ ಕೇಳಾಕ ಹೋಗೂದಿಲ್ಲ, ಚಿಗವ್ವಾ. ನರಗುಂದದ ಧರಣಿ ಪೆಂಡಾಲದಾಗ ನಮ್ಮ ಬಾಜೂನ ಕುಂತು, ಮಲಪ್ರಭಾಕ್ಕ ನೀರು ತರೂತನಕ ಬಿಡೂದಿಲ್ಲಂತ ಹೇಳಿದ್ರು. ಈಗ ಕೇಳಿದ್ರ ಅರಣ್ಯ ಇಲಾಖೆ ಅಂತಾರ, ಕೋರ್ಟ ಅಂತಾರ, ತಾಳ್ಮಿ ಇರಲಿ ಅಂತಾರ. ಅವರ ವಿರೋಧಿಗಳು ಆಗ ಹೇಳತಿದ್ದ ಮಾತನ್ನ ಈಗ ಇವರು ಹೇಳಾಕತ್ತಾರ.

ಚಿಗವ್ವ: ಸಿಟ್ಟ ಬರೂದ ಸಹಜ. ಆದ್ರ ಯಾವುದಕ್ಕ ಸಿಟ್ಟಂತ ಮೊದಲ ನೀನ ತಿಳ್ಕೊ. ಅವರು ವಿಚಾರ ಬದಲ ಮಾಡಿದ್ರು ಅಂತನೋ, ನಿಮಗ ಹೇಳಲಾರದ ಬದಲ ಮಾಡಿದ್ರು ಅಂತನೋ?

ಹುಡುಗ: ಎರಡೂ ಒಂದ ಅಲ್ಲೇನು? ನಂಬಿದವ್ರಿಗೆ ಮೋಸ ಆತು, ಮುಗೀತು.

ಚಿಗವ್ವ: ಒಂದ ಅಲ್ಲ. ಈ ಫರಕ ನನಗ ತಿಳಿಯಾಕ ಭಾಳ ವರ್ಷ ಹಿಡೀತು. ನಾ ನಂಬಿದ್ದ ನಾಯಕರು ರಾಮಕೃಷ್ಣ ಹೆಗಡೆಯವರು. ನಿನಗ ಅವರ ಹೆಸರು ಪುಸ್ತಕದಾಗ ಗೊತ್ತು. ನಮಗ ಹಂಗಲ್ಲ. 1980ರ ಜುಲೈ 21ಕ್ಕ ನರಗುಂದ, ನವಲಗುಂದದಾಗ ಗೋಲಿಬಾರ ಆತು. ಮಲಪ್ರಭಾ ಕಾಲಿವಿ ನೀರು ಹೊಲಕ್ಕ ಮುಟ್ಟೂಕಿಂತ ಮೊದಲ ಕರದ ನೋಟಿಸ ಮನಿಗೆ ಮುಟ್ಟಿತ್ತು. ರೈತರು ಸತ್ರು. ಇಡೀ ಈ ಸೀಮಿ ಕುದೀತು. 1983ರ ಜನವರಿದಾಗ ಈ ರಾಜ್ಯದೊಳಗ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳಕೊಂತು, ಹೆಗಡೆಯವರು ಮುಖ್ಯಮಂತ್ರಿ ಆದ್ರು. ಮೌಲ್ಯಾಧಾರಿತ ರಾಜಕಾರಣ ಅನ್ನೂ ಮಾತು ಅವರ ಬಾಯಾಗ ಕೇಳಿದ್ವಿ. ಅಂಥಾ ಮಾತಿನಂಗ ನಡಕೊಂಡು ಬದಕೂ ರಾಜಕಾರಣಿ ಒಬ್ಬ ಇರಬಹುದು ಅಂತ ನಮಗ ಅನಸಿತ್ತು.

ಹುಡುಗ: ಅಂದ್ರ ಅವರ ಮಾತಿಗೆ ಮರುಳಾಗಿದ್ರಿ.

ಚಿಗವ್ವ: ಮಾತಿಗಲ್ಲೋ ತಮ್ಮಾ, ಕೆಲಸಕ್ಕ. 1984ರ ಡಿಸೆಂಬರದಾಗ ಲೋಕಸಭಾ ಚುನಾವಣೆ ನಡೀತು. 28 ಸೀಟಿನ್ಯಾಗ ಜನತಾ ಪಕ್ಷಕ್ಕ ಬಂದದ್ದು ನಾಕ. ಅದು ಲೋಕಸಭಾ ಚುನಾವಣೆ, ಅವರ ಖುರ್ಚಿಗೆ ಏನೂ ಆಗತಿದ್ದಿಲ್ಲ. ಆದ್ರೂ ಮಂದಿ ವಿಶ್ವಾಸ ಹೋಗೇತಿ ಅಂತ ರಾಜೀನಾಮೆ ಕೊಟ್ಟು, ವಿಧಾನಸಭಾ ವಿಸರ್ಜನೆ ಮಾಡಿಸಿ, ಮತ್ತ ನಮ್ಮ ಮುಂದ ಬಂದು ನಿಂತ್ರು. 1985ರ ಮಾರ್ಚದಾಗ 139 ಸೀಟ ಕೊಟ್ವಿ. ಓಟ ಹಾಕಿದವ್ರಿಗೆ ಒಬ್ಬ ಮುಖ್ಯಮಂತ್ರಿ ಇಷ್ಟ ಮರ್ಯಾದಿ ಕೊಟ್ಟದ್ದನ್ನ ನಾ ಮತ್ತ ನೋಡಿಲ್ಲ.

ಆಮ್ಯಾಲೆ ಮಂಡಲ ಪಂಚಾಯತಿ. ನಜೀರ್ ಸಾಬರು ಮಂತ್ರಿ ಇದ್ರು. ಊರೂರಿಗೆ ಬೋರ ಹಾಕಿಸಿದ್ದಕ್ಕ ಮಂದಿ ಅವರಿಗೆ ನೀರ್ ಸಾಬ್ ಅಂತಿದ್ರಲ್ಲ, ಅವರು. ಹೆಣ್ಣಮಕ್ಕಳಿಗೆ ನೂರಕ್ಕ 25 ಸೀಟ ಮೀಸಲ ಇಟ್ರು. ದಿಲ್ಲಿಯವರು ಸಂವಿಧಾನಕ್ಕ 73ನೇ ತಿದ್ದುಪಡಿ ತಂದು ಮೂರನೇ ಒಂದು ಪಾಲು ಅಂದದ್ದು ಅದಾಗಿ ಎಷ್ಟೋ ವರ್ಷದ ಮ್ಯಾಲೆ. 1987ರ ಜನವರಿದಾಗ ಚುನಾವಣೆ ಆತು, ನಾ ಆರಿಸಿ ಬಂದೆ. ಅಲ್ಲೀತನಕ ನಮ್ಮ ಓಣಿ ಹೆಣ್ಣಮಕ್ಕಳು ಸರಕಾರಿ ಸಾಹೇಬರ ಮುಂದ ಖುರ್ಚಿ ಮ್ಯಾಲೆ ಕುಂತದ್ದ ಇದ್ದಿಲ್ಲ. ಕುಡಿಯೂ ನೀರಿನ ಯಾದಿ ಓದಿಸಿ ಕೇಳೂದು, ಸಾಲಿ ಮಾಸ್ತರು ಯಾಕ ಬಂದಿಲ್ಲ ಅಂತ ವಿಚಾರಸೂದು, ಠರಾವಿನ ಕೆಳಗ ಸಹಿ ಮಾಡೂದು, ಇದೆಲ್ಲಾ ನಾ ಕಲಿತದ್ದ ಆ ಐದು ವರ್ಷದಾಗ. ಜಿಲ್ಲಾ ಪರಿಷತ್ತು ಆಗ ಧಾರವಾಡದಾಗ ಇತ್ತು, ಗದಗ ಜಿಲ್ಲಾ ಇನ್ನೂ ಆಗಿದ್ದಿಲ್ಲ. ಅಲ್ಲೀತನಕ ಅರ್ಜಿ ಹಿಡಕೊಂಡು ಹೋಗಿ ಬಂದೇನಿ. ಹೆಗಡೆಯವರು ಇಲ್ಲದಿದ್ರ ನಾ ಹೊಸ್ತಿಲಾ ದಾಟತಿದ್ದಿಲ್ಲ. ಅದಕ್ಕ 1998ರಾಗ ಅವರು ಬಿಜೆಪಿ ಜೋಡಿ ಹೋದಾಗ ನನಗ ಎರಡು ದಿನ ಅನ್ನ ಸೇರಲಿಲ್ಲ.

ಹುಡುಗ: ಅದರಾಗ ಅಷ್ಟ ದುಃಖ ಪಡೂದು ಏನಿತ್ತು, ಚಿಗವ್ವಾ? 1983ರಾಗ ಜನತಾ ಪಕ್ಷಕ್ಕ ಬಹುಮತನ ಇದ್ದಿಲ್ಲ. ಅವರು 95, ಬಿಜೆಪಿ 18. ಆ ಸರಕಾರ ನಿಂತದ್ದ ಬಿಜೆಪಿ ಮತ್ತು ಕಮ್ಯುನಿಸ್ಟರ ಬೆಂಬಲದ ಮ್ಯಾಲೆ. ನೀ ಮೆಚ್ಚಿದ ಸರಕಾರಕ್ಕ ಅದ ಪಕ್ಷ ಹೆಗಲ ಕೊಟ್ಟಿತ್ತು.

ಚಿಗವ್ವ: ಗೊತ್ತೈತಿ. ಆದ್ರ ಹೊರಗಿಂದ ಬೆಂಬಲ ತಗೊಳ್ಳೂದು ಬ್ಯಾರೆ, ಅವರ ಮಂತ್ರಿಮಂಡಲದಾಗ ಹೋಗಿ ಕೂಡ್ರೂದು ಬ್ಯಾರೆ. ನಾವು ಸಮಾಜವಾದಿಗಳ ಮಾತು ಕೇಳಿ ಬೆಳದವ್ರು. ನಜೀರ್ ಸಾಬರನ್ನ ಬಾಜೂಕ ಕೂಡಿಸಿಕೊಂಡು ರಾಜ್ಯ ಕಟ್ಟಿದ ಮನಶ್ಯಾ ಅಯೋಧ್ಯಾದ ಮಸೀದಿ ಬಿದ್ದ ಆರೇ ವರ್ಷಕ್ಕ ಆ ಕಡೆ ಹೋದ್ರಲ್ಲ ಅಂತ ಸಂಕಟ ಆತು.

ಹುಡುಗ: ಅವರನ್ನ ಅವರ ಪಕ್ಷದವರ ಹೊರಗ ಹಾಕಿದ್ರು. 1996ರ ಜೂನದಾಗ ದೇವೇಗೌಡರು ಪ್ರಧಾನಿ ಆಗಿ ತಿಂಗಳು ತುಂಬೂಕಿಂತ ಮೊದಲ ಜನತಾ ದಳದಿಂದ ಉಚ್ಚಾಟನೆ ಮಾಡಿದ್ರು. ತಾವು ಕಟ್ಟಿದ ಮನಿಂದ ಹೊರಗ ಬಿದ್ದ ಮನಶ್ಯಾ ಎಲ್ಲೆ ಹೋಗಬೇಕಿತ್ತು? ಲೋಕಶಕ್ತಿ ಕಟ್ಟಿದ್ರು, ಬಿಜೆಪಿ ಜೋಡಿ ಒಪ್ಪಂದ ಮಾಡಿಕೊಂಡ್ರು. ಅದನ್ನೂ ಚುನಾವಣೆಕ್ಕಿಂತ ಮೊದಲ ಮಾಡಿದ್ರು, ಗೆದ್ದ ಮ್ಯಾಲಲ್ಲ. ಮಂದಿಗೆ ಗೊತ್ತಿತ್ತು, ಗೊತ್ತಿದ್ದ ಓಟ ಹಾಕಿದ್ರು. ಬಿಜೆಪಿಗೆ 13, ಲೋಕಶಕ್ತಿಗೆ 3 ಸೀಟ ಬಂದ್ವು. ನಮ್ಮ ಈ ಕಡೆ ಎಷ್ಟೋ ಮಂದಿ ಹೆಗಡೆಯವರ ಬೆನ್ನ ಹತ್ತಿ ಖುಷಿಲೆ ಹೋದ್ರು. ನಿನ್ನ ಒಬ್ಬಾಕಿ ನಿರಾಸೆನ ಎಲ್ಲಾ ಮತದಾರರ ನಿರಾಸೆ ಅಂತ ಹೆಂಗ ಅಂತಿ?

ಚಿಗವ್ವ: ಇದು ಬರೋಬ್ಬರಿ ಮಾತು. ಅದನ್ನ ನಾ ಒಪ್ಪೇನಿ. ನಮ್ಮ ಮನ್ಯಾಗ ನಿಮ್ಮ ಕಾಕಾಗ ಸಂತೋಷ ಆಗಿತ್ತು, ನನಗ ಸಂಕಟ. ಒಬ್ಬ ನಾಯಕ ತಿರಗಿದ್ರ ಒಂದ ಮನ್ಯಾಗ ಒಬ್ಬರು ಅಳತಾರ, ಒಬ್ಬರು ನಗತಾರ. ಅದಕ್ಕ ಬರೇ ನನ್ನ ದುಃಖದ ಮ್ಯಾಲೆ ಅವರನ್ನ ಅಳಿಯಾಕ ಬರೂದಿಲ್ಲ ಅಂತ ಆಮ್ಯಾಲೆ ತಿಳೀತು.

ಇನ್ನೂ ಒಂದು ಹೇಳತೀನಿ ಕೇಳು. ಹೆಗಡೆಯವರ ಮ್ಯಾಲೆ ನನ್ನ ಮನಸ್ಸು ಮೊದಲ ಮುರದದ್ದು 1998ರಾಗ ಅಲ್ಲ. 1986ರ ಫೆಬ್ರವರಿದಾಗ ಸಾರಾಯಿ ಬಾಟ್ಲಿ ತುಂಬೂ ಗುತ್ತಿಗಿ ಕೊಟ್ಟದ್ದರ ಬಗ್ಗೆ ಹೈಕೋರ್ಟ ಸರಕಾರಕ್ಕ ಛೀಮಾರಿ ಹಾಕ್ತು. ಅವರು ರಾಜೀನಾಮೆ ಕೊಟ್ರು, ಪಕ್ಷದವರು ಒತ್ತಾಯ ಮಾಡಿದ್ರು, ತಿರಗಿ ತಗೊಂಡ್ರು. ಬೆಂಗಳೂರಾಗ ಅದು ಗುತ್ತಿಗಿ ಸುದ್ದಿ. ನಮ್ಮ ಓಣ್ಯಾಗ ಸಾರಾಯಿ ಅಂದ್ರ ಸಂಜಿಮುಂದ ಕೂಲಿ ರೊಕ್ಕ ಮನಿ ಮುಟ್ಟೂದಿಲ್ಲ, ರಾತ್ರಿ ಹೆಣ್ಣಮಕ್ಕಳು ಹೊಡತ ತಿಂತಾರ ಅಂತ ಅರ್ಥ. ನಾ ಮಂಡಲಕ್ಕ ಬಂದ ಮ್ಯಾಲೆ ಹೆಣ್ಣಮಕ್ಕಳು ನನ್ನ ಹತ್ರ ತಂದ ಮೊದಲನೇ ದೂರು ಅದ. ಕೊನೀಗೆ ಈ ರಾಜ್ಯದಾಗ ಸಾರಾಯಿ ಬಂದ ಆದದ್ದು ಯಾವಾಗ ಗೊತ್ತೇನು? 2007ರ ಜುಲೈ 1ಕ್ಕ. ಆಗ ಜೆಡಿಎಸ್, ಬಿಜೆಪಿ ಕೂಡಿ ಸರಕಾರ ಮಾಡಿದ್ರು. ಯಡಿಯೂರಪ್ಪನವರು ಹಣಕಾಸಿನ ಮಂತ್ರಿ. ನಾ ಯಾವ ಪಕ್ಷದ ಕಡೆ ಹೋದ್ರಂತ ಹೆಗಡೆಯವರ ಮ್ಯಾಲೆ ಮುನದಿದ್ನೋ, ಆ ಪಕ್ಷ ಇದ್ದ ಸರಕಾರ ನಮ್ಮ ಓಣಿ ಹೆಣ್ಣಮಕ್ಕಳ ಬೇಡಿಕಿ ಪೂರ್ತಿ ಮಾಡ್ತು. ಹಂಗಂತ ನನ್ನ ವಿಚಾರ ಬದಲಾಗಲಿಲ್ಲ. ಆದ್ರ ಪಕ್ಷದ ಹೆಸರ ನೋಡಿ ಒಳ್ಳೇದು ಕೆಟ್ಟದ್ದು ಅನ್ನೂದು ಬಿಟ್ಟೆ.

ಹುಡುಗ: ಹಂಗಂದ್ರ ಹೆಗಡೆಯವರನ್ನ ಕ್ಷಮಾ ಮಾಡಿದಿ?

ಚಿಗವ್ವ: ಕ್ಷಮಾ ಮಾಡಾಕ ನಾ ಯಾರು? ಅಳತಿ ಬದಲ ಮಾಡಿದೆ. 1985ರಾಗ ಅವರ ನಮಗ ಒಂದು ಅಳತಿ ಕೊಟ್ಟಿದ್ರು. ದೊಡ್ಡ ಬದಲಾವಣೆ ಬಂದಾಗ ನಾಯಕ ತಾನ ಮಂದಿ ಮುಂದ ಬಂದು ನಿಲ್ಲಬೇಕು, ಬೇಕಾದ್ರ ಖುರ್ಚಿ ಕಳಕೊಳ್ಳಾಕ ತಯಾರಿರಬೇಕು. 1998ರಾಗ ಒಪ್ಪಂದ ಮುಚ್ಚಿ ಮಾಡಲಿಲ್ಲ, ಅದು ಖರೇ, ಅದರ ಮಟ್ಟಿಗೆ ಅವರು ಮೋಸ ಮಾಡಲಿಲ್ಲ. ಆದ್ರ ಅವರು ಮಾತ್ರ ರಾಜ್ಯಸಭಾದಾಗ ಇದ್ರು. ಅಲ್ಲಿಂದನ ವಾಜಪೇಯಿಯವರ ಸರಕಾರದಾಗ ವಾಣಿಜ್ಯ ಮಂತ್ರಿ ಆದ್ರು. ಹಳೇ ಮಂದಿ ಮುಂದ ತಾವ ಬಂದು ನಿಂತು, ಹೌದು, ನಾ ದಾರಿ ಬದಲ ಮಾಡೇನಿ, ಈಗ ನನಗ ಓಟ ಹಾಕತೀರೋ ಇಲ್ಲೋ ಅಂತ ಕೇಳಲಿಲ್ಲ. ನನ್ನ ದೂರು ಇಷ್ಟ.

ಹುಡುಗ: 1991ರಾಗ ಬಾಗಲಕೋಟಿಗೆ ಬಂದು ನಿಂತಿದ್ರಲ್ಲ, ಮಂದಿ ಸೋಲಿಸಿದ್ರು. ಆ ಪೆಟ್ಟು ತಿಂದವರು ಮತ್ತ ಹೆಂಗ ಬರತಾರ?

ಚಿಗವ್ವ: ಸೋಲಿಸಿದವ್ರು ಯಾರು ಅನ್ನೂದನ್ನೂ ನೋಡು. ಸಿದ್ದು ನ್ಯಾಮಗೌಡರು. ಸರಕಾರದ ದಾರಿ ಕಾಯಲಾರದ ರೈತರನ್ನ ಕೂಡಿಸಿ 1989ರಾಗ ಚಿಕ್ಕಪಡಸಲಗಿ ಹತ್ರ ಕೃಷ್ಣಾ ಹೊಳಿಗೆ ಬ್ಯಾರೇಜ ಕಟ್ಟಿದವ್ರು. ದಿಲ್ಲಿತನಕ ಹೆಸರು ಮಾಡಿದ ನಾಯಕರಿಗಿಂತ ಬಾಜೂಕ ನಿಂತು ಕಲ್ಲು ಹೊತ್ತವ ಮಂದಿಗೆ ಹತ್ರದವ ಅನಿಸಿದ. ಅದರಾಗ ತಪ್ಪಿಲ್ಲ. ಸೋತ್ರೂ ಬಂದು ನಿಲ್ಲೂದರಾಗ ಹೆಗಡೆಯವರ ದೊಡ್ಡಸ್ತಿಕಿ ಇತ್ತು. ಅದನ್ನ ಬಿಟ್ಟದ್ದಕ್ಕ ನನಗ ದುಃಖ.

ಹುಡುಗ: ಖುರ್ಚಿ ಕಳಕೊಳ್ಳಾಕ ತಯಾರಿರೂ ನಾಯಕರು ಎಲ್ಲ್ಯಾದ್ರೂ ಅದಾರೇನು? ಕತಿ ಹೇಳಬ್ಯಾಡ.

ಚಿಗವ್ವ: ದೂರ ಹೋಗಬ್ಯಾಡ. ನಮ್ಮ ರೋಣ ಸೀಮ್ಯಾಗ ಜಕ್ಕಲಿ ಐತಲ್ಲ, ಅಲ್ಲಿಯ ಅಂದಾನಪ್ಪ ದೊಡ್ಡಮೇಟಿಯವರು. ಕಾಂಗ್ರೆಸ್ಸಿನ ಶಾಸಕರು, ಮುಂಬೈ ವಿಧಾನಸಭಾದಾಗ ಇದ್ರು. 1953ರಾಗ ಆ ಸ್ಥಾನ ಬಿಟ್ಟು ಕರ್ನಾಟಕ ಒಂದಾಗಬೇಕಂತ ಜಕ್ಕಲಿಯಾಗ ಉಪವಾಸ ಕುಂತ್ರು. ನಮ್ಮಪ್ಪ ಆಗ ಸಣ್ಣ ವಯಸ್ಸಿನಾಂವ, ಊರ ಮಂದಿ ಜೋಡಿ ನಡಕೊಂತ ಹೋಗಿ ನೋಡಿ ಬಂದಿದ್ದ.

ಇಲ್ಲಿ ಮಾತು ನಿಲ್ಲಿಸಿ ಹಿನ್ನೆಲೆ ಹೇಳಬೇಕು, ಏಕೆಂದರೆ ಕನ್ನಡಿಗರ ಮಟ್ಟಿಗೆ ಮೆಚ್ಚಿದ ನಾಯಕರ ಬಗ್ಗೆ ಇಡೀ ಸೀಮೆಗೆ ಆದ ಅತಿ ದೊಡ್ಡ ನಿರಾಸೆ ಈ ಏಕೀಕರಣದ ವಿಷಯದಲ್ಲೇ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತ್ಯದ ತತ್ವವನ್ನು ಒಪ್ಪಿತ್ತು. ಅದೇ ಲೆಕ್ಕದಲ್ಲಿ ಕರ್ನಾಟಕಕ್ಕೆ ತನ್ನದೇ ಪ್ರಾಂತ ಸಮಿತಿ ಬಂತು. ಆ ಭರವಸೆಯ ಮೇಲೆ ಇಲ್ಲಿನ ಜನ ಕಾಂಗ್ರೆಸ್ಸನ್ನು ಹೊತ್ತು ಮೆರೆದರು, ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿ ಈಗ ಬೇಡ, ತಡೆಯಿರಿ ಎಂದಿತು. ದೇಶ ಆಗಷ್ಟೇ ಒಡೆದಿತ್ತು. ಇನ್ನೊಂದು ವಿಭಜನೆಯ ಮಾತು ಎಂದರೆ ಅವರಿಗೆ ಭಯವಾಗಿತ್ತು. ಆ ಭಯ ಸುಳ್ಳಲ್ಲ. ಆದರೂ ಮೂವತ್ತು ವರ್ಷ ಕಾದವರಿಗೆ ಅದು ಒಪ್ಪಿಗೆಯಾಗುವ ಕಾರಣವಾಗಿರಲಿಲ್ಲ. 1953ರ ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರಾಂತ ಕಾಂಗ್ರೆಸ್ಸಿನ ಸಭೆ ನಡೆದಾಗ ಸಾವಿರಾರು ಜನ ನುಗ್ಗಿದರು. ಒಂದು ಕಾಲಕ್ಕೆ ಹಾರ ಹಾಕಿದ್ದ ಕೈಗಳೇ ಕಲ್ಲು ತೂರಿದವು.

ಹುಡುಗ: ನೋಡಿದೆಲ್ಲ, ಆಗಿನ ಮಂದಿ ಕಲ್ಲ ತೂರಿದ್ರು. ನಾವು ಬರೇ ವಾಟ್ಸಾಪದಾಗ ಬೈತೀವಿ.

ಚಿಗವ್ವ: ಕಲ್ಲಿನಿಂದ ಕರ್ನಾಟಕ ಆಗಲಿಲ್ಲೋ. ಹಾಲಿ ಶಾಸಕ ಒಬ್ಬ ತನ್ನ ಪಕ್ಷದ ನಿಲುವಿಗೆ ಎದುರು ನಿಂತು, ಸ್ಥಾನ ಬಿಟ್ಟು, ಹೊಟ್ಟಿಗೆ ಅನ್ನ ಬಿಟ್ಟು, ತನ್ನೂರಾಗ ಮಂದಿ ನಡುವ ಕುಂತದ್ದಕ್ಕ ದಿಲ್ಲಿಗೆ ಬಿಸಿ ಮುಟ್ಟಿತು. ಅದರ ಹಿಂದ ಎಷ್ಟೋ ಊರಿನ ಮಂದಿ ಜೈಲಿಗೆ ಹೋದ್ರು. ದೊಡ್ಡಮೇಟಿಯವರೂ ಪಕ್ಷ ಹೇಳಿದ ದಾರಿ ಬಿಟ್ಟವ್ರ. ಅವರಿಗೆ ಯಾರೂ ಮೋಸಗಾರ ಅನ್ನಲಿಲ್ಲ. ಯಾಕಂದ್ರ ಕಳಕೊಂಡದ್ದು ಅವರು, ನಾವಲ್ಲ.

ಹುಡುಗ: ಅವರು ಮಂದಿಗೆ ಬೇಕಾದ ಕಡೇನ ತಿರಗಿದ್ರು. ಮಂದಿಗೆ ಬ್ಯಾಡಾದ ಕಡೆ ತಿರಗಿದವ್ರ ಸುದ್ದಿ ಹೇಳು.

ಚಿಗವ್ವ: ಕೆಂಗಲ್ ಹನುಮಂತಯ್ಯನವರು. ಅವರ ಹಳೇ ಮೈಸೂರಿನ ಮಂದ್ಯಾಗ ಭಾಳ ಜನಕ್ಕ ನಾವು ಬ್ಯಾಡಾಗಿದ್ವಿ. ಉತ್ತರದವ್ರು ಬಂದ್ರ ರೊಕ್ಕ ಹಂಚಿ ಹೋಗತದ, ಅಧಿಕಾರ ಕೈ ಬಿಡತದ ಅಂತ ಅವರಿಗೆ ಅಂಜಿಕಿ. ಅವರ ಜಾತಿಯವರ, ಅವರ ಹಿಂದ ನಿಂತವರ ಎರಡು ರಾಜ್ಯ ಇರಲಿ ಅಂದ್ರು. ಹನುಮಂತಯ್ಯನವರು ಮೈಸೂರು ವಿಧಾನಸಭಾದಾಗ ನಿಂತು ಏಕೀಕರಣ ಆಗಬೇಕಂತ ಮಾತಾಡಿದ್ರು. ವಿಧಾನಸೌಧ ಕಟ್ಟಿಸಿದ ಮನಶ್ಯಾ 1956ರ ಆಗಸ್ಟದಾಗ ಮುಖ್ಯಮಂತ್ರಿ ಸ್ಥಾನ ಕಳಕೊಂಡ್ರು. ನವೆಂಬರ್ 1ಕ್ಕ ಹೊಸ ರಾಜ್ಯ ಆದಾಗ ಮುಖ್ಯಮಂತ್ರಿ ಆದವರು ನಿಜಲಿಂಗಪ್ಪನವರು. ಅವತ್ತು ಅಲ್ಲಿ ಅವರ ಮತದಾರರಿಗೆ ನಿರಾಸೆ, ಇಲ್ಲಿ ನಮಗ ಹಬ್ಬ. ಅವರು ತಮ್ಮ ಮಂದಿ ಮಾತು ಕೇಳಿದ್ರ ನಾವು ಯಾವ ರಾಜ್ಯದಾಗ ಇರತಿದ್ವೋ ಹೇಳು.

ಹುಡುಗ: ಮತ್ತ ಅವರ ಮಂದಿ ಅವರನ್ನ ಮುಗಿಸಿಬಿಟ್ರೇನು?

ಚಿಗವ್ವ: ಇಲ್ಲ. 1962ರಾಗ ಬೆಂಗಳೂರಿಂದ ಲೋಕಸಭಾಕ್ಕ ಆರಿಸಿದ್ರು, 1967ರಾಗ ಆರಿಸಿದ್ರು, 1971ರಾಗ ಮತ್ತ ಆರಿಸಿದ್ರು. ಎದಿ ಕೊಟ್ಟು ನಿಂತವ್ರನ್ನ ಮಂದಿ ಮರೀಲಿಲ್ಲ.

ಹುಡುಗ: ಎದಿ ಕೊಡಲಾರದವ್ರನ್ನೂ ಆರಸತಾರಲ್ಲ, ಚಿಗವ್ವಾ. 2019ರಾಗ ಪಕ್ಷ ಬಿಟ್ಟ 17 ಶಾಸಕರನ್ನ ಸಭಾಧ್ಯಕ್ಷರು ಅನರ್ಹ ಮಾಡಿದ್ರು. ಡಿಸೆಂಬರ್ ಉಪಚುನಾವಣೆದಾಗ ಅವರೊಳಗ 13 ಮಂದಿ ಬಿಜೆಪಿಯಿಂದ ನಿಂತ್ರು, 11 ಮಂದಿ ಗೆದ್ರು. ಮಂದಿಗೆ ನಿರಾಸೆ ಆಗಿದ್ರ ಗೆಲ್ಲಸತಿದ್ರೇನು?

ಚಿಗವ್ವ: ಗೆಲ್ಲಿಸಿದ್ರು, ಖರೇ. 1999ರಾಗ ಉಲ್ಟಾನೂ ಆಗೇತಿ. 1994ರಾಗ ಜನತಾ ದಳಕ್ಕ 115 ಸೀಟ ಕೊಟ್ಟಿದ್ವಿ. ಐದು ವರ್ಷಕ್ಕ ದಳ ಒಡೀತು. ಜೆ.ಎಚ್. ಪಟೇಲರ ಬಣ ಹೆಗಡೆಯವರ ಲೋಕಶಕ್ತಿ ಜೋಡಿ ಕೂಡಿ ಸಂಯುಕ್ತ ಜನತಾ ದಳ ಆಗಿ ಬಿಜೆಪಿ ಕಡೆ ಹೋತು, ದೇವೇಗೌಡರ ಬಣ ಬ್ಯಾರೆ ಆತು. ಮಂದಿ ಪಟೇಲರ ಬಣಕ್ಕ 18 ಕೊಟ್ರು, ಗೌಡರಿಗೆ 10, ಕಾಂಗ್ರೆಸ್ಸಿಗೆ 132. ಮುಖ್ಯಮಂತ್ರಿ ಇದ್ದ ಪಟೇಲರು ತಮ್ಮ ಕ್ಷೇತ್ರದಾಗನ ಸೋತ್ರು. ಲೋಕಸಭಾದಾಗ ಮೊದಲ ಸಲ ಕನ್ನಡದಾಗ ಮಾತಾಡಿದ ಮನಶ್ಯಾ, ನಮಗ ಗದಗ ಜಿಲ್ಲಾ ಮಾಡಿಕೊಟ್ಟ ಮುಖ್ಯಮಂತ್ರಿ. ಮಂದಿ ಒಂದೊಂದು ಸಲ ಶಿಕ್ಷೆ ಕೊಡತಾರ, ಒಂದೊಂದು ಸಲ ಬಿಡತಾರ. ಚುನಾವಣೆ ಒಂದನ್ನ ನಂಬಿ ಕುಂತ್ರ ಆಗೂದಿಲ್ಲಂತ ಅದಕ್ಕ ಹೇಳಾಕತ್ತೇನಿ. ಅದು ಐದು ವರ್ಷಕ್ಕೊಮ್ಮೆ ಬರತೈತಿ, ಅದರಾಗ ನೂರಾ ಎಂಟು ವಿಷಯ ಕೂಡಿ ಬರತಾವು. ನಡುವಿನ ವರ್ಷದಾಗ ಕೇಳೂ ಹಕ್ಕು ನಮ್ಮ ಕೈಯಾಗ ಐತಿ, ಅದನ್ನ ನಾವು ಬಳಸೂದ ಇಲ್ಲ.

ಹುಡುಗ: ಸರಿ. ಹಂಗಾದ್ರ ನಮ್ಮ ನಾಯಕರನ್ನ ನಿನ್ನ ಅಳತಿಲೆ ಅಳದು ತೋರಿಸು.

ಚಿಗವ್ವ: ನೀರಿನ ಲೆಕ್ಕ ನಿನಗ ನನಗಿಂತ ಛಲೋ ಗೊತ್ತು. ನೀನ ಹೇಳು.

ಹುಡುಗ: 2015ರ ಜುಲೈದಾಗ ನರಗುಂದದಾಗ ಧರಣಿ ಚಾಲೂ ಆತು. 2016ರ ಜುಲೈದಾಗ ಮಹದಾಯಿ ನ್ಯಾಯಮಂಡಳಿ ನಮ್ಮ ಮಧ್ಯಂತರ ಅರ್ಜಿ ತಳ್ಳಿ ಹಾಕ್ತು, ಮಂದಿ ಬೀದಿಗೆ ಬಂದ್ರು, ಯಮನೂರಾಗ ಪೊಲೀಸರು ಮುದುಕರು ಹೆಣ್ಣಮಕ್ಕಳು ಅನ್ನಲಾರದ ಹೊಡದ್ರು. 2018ರ ಆಗಸ್ಟ್ 14ಕ್ಕ ತೀರ್ಪು ಬಂತು. ಕರ್ನಾಟಕಕ್ಕ ಒಟ್ಟು 13.42 ಟಿಎಂಸಿ. ಅದರಾಗ ಕಳಸಾ, ಬಂಡೂರಿಯಿಂದ ಮಲಪ್ರಭಾಕ್ಕ ತಿರಗಸೂದು 3.9 ಟಿಎಂಸಿ. 2020ರ ಫೆಬ್ರವರಿದಾಗ ಕೇಂದ್ರ ಅಧಿಸೂಚನೆ ಹೊರಡಿಸ್ತು. ಕಾಡಿನ ಒಪ್ಪಿಗಿ, ವನ್ಯಜೀವಿ ಒಪ್ಪಿಗಿ, ಸುಪ್ರೀಂ ಕೋರ್ಟಿನ ಕೇಸು, ಎಲ್ಲಾ ಮುಂದ ನಿಂತಾವು.

ಚಿಗವ್ವ: ಇವರು ಹೋದ ಚುನಾವಣೆದಾಗ ನಿಮ್ಮ ಪೆಂಡಾಲಕ್ಕ ಬಂದಾಗ ಇವೆಲ್ಲಾ ಇದ್ವೋ ಇದ್ದಿಲ್ಲೋ?

ಹುಡುಗ: ಇದ್ವು.

ಚಿಗವ್ವ: ಅವರಿಗೆ ಗೊತ್ತಿತ್ತೋ ಇಲ್ಲೋ?

ಹುಡುಗ: ಗೊತ್ತಿರಾಕ ಬೇಕು. ವಕೀಲರನ್ನ ಬಾಜೂಕ ಕುಂದ್ರಿಸಿಕೊಂಡ ಬಂದಿದ್ರು.

ಚಿಗವ್ವ: ಹಂಗಾದ್ರ ಅವರು ವಿಚಾರ ಬದಲ ಮಾಡಿಲ್ಲೋ ತಮ್ಮಾ. ಹೆಗಡೆಯವರು ಬದಲಾದ್ರು, ಹನುಮಂತಯ್ಯನವರು ತಮ್ಮವರನ್ನ ಎದುರು ಹಾಕಿಕೊಂಡ್ರು. ನಿಮ್ಮವರು ಗೊತ್ತಿದ್ದದ್ದನ್ನ ಮುಚ್ಚಿಟ್ಟು ಓಟ ತಗೊಂಡಾರ. ಹೊಸದೇನರೆ ತಿಳಿದು ನಿಲುವು ಬದಲಾದ್ರ ನಾ ಒಪ್ಪೇನಿ, ಕುಂತು ಕೇಳತೇನಿ. ಇದನ್ನ ನಾ ಒಪ್ಪೂದಿಲ್ಲ. ಕಾಡಿನ ಒಪ್ಪಿಗಿ ಕಷ್ಟ ಐತಿ, ಹತ್ತು ವರ್ಷ ಹಿಡೀಬಹುದು ಅಂತ ಆಗ ಹೇಳಿದ್ರೂ ಈ ಊರಿನ ಮಂದಿ ತಿಳ್ಕೋತಿದ್ರು. ಬ್ಯಾಸಗ್ಯಾಗ ಬತ್ತಿದ ಹೊಳಿ ನೋಡೇವಿ, 2009ರಾಗ, 2019ರಾಗ ಅದ ಹೊಳಿ ಉಕ್ಕಿ ಬಂದಾಗ ಗಂಟು ಮೂಟಿ ಹೊತ್ತು ಗುಡ್ಡಕ್ಕ ಓಡೇವಿ. ಕಷ್ಟದ ಮಾತು ಕೇಳೂ ತಾಕತ್ತು ನಮಗಿಲ್ಲಂತ ಅವರ ತಿಳಕೊಂಡ್ರಲ್ಲ, ಅದು ನಮಗ ಮಾಡಿದ ಅವಮಾನ.

ಹುಡುಗ: ಅದಕ್ಕ ನಾ ಹೇಳಿದ್ದು, ಇನ್ನ ಇದರ ಉಸಾಬರಿನ ಬ್ಯಾಡಂತ.

ಚಿಗವ್ವ: ನೀ ಹಂಗ ಮನ್ಯಾಗ ಕುಂತ್ರ ಅವರಿಗೆ ಆರಾಮ ಆತು. ಮತ್ತ ನೀ ಓಟ ಕೇಳಿದ ಮನಿಗೋಳ ಗತಿ ಏನು? ಅವರೆಲ್ಲಾ ಓಟ ಹಾಕಿದ್ದು ಆ ನಾಯಕರ ಮಾರಿ ನೋಡಿ ಅಷ್ಟ ಅಲ್ಲ, ನಿನ್ನ ಮಾರಿ ನೋಡಿ. ಎಷ್ಟ ಬಾಗಲಕ್ಕ ಹೋಗಿ ಓಟ ಕೇಳಿದ್ದಿಯೋ ಅಷ್ಟೂ ಬಾಗಲಕ್ಕ ಹೋಗು. ಆಗ ಏನ ಹೇಳಿದ್ದಿ, ಈಗ ನಾಯಕರು ಏನ ಅನ್ನಾಕತ್ತಾರ, ಎರಡೂ ಹೇಳು. ಬೈತಾರ, ಬೈಸಿಕೋ. ಗ್ರಾಮಸಭಾ ಕರೆದಾಗ ಎಲ್ಲಾರೂ ಹೋಗ್ರಿ, ಹೆಣ್ಣಮಕ್ಕಳನ್ನ ಮುಂದ ಕುಂದ್ರಸ್ರಿ. ನಾಯಕರು ಊರಿಗೆ ಬಂದು ಕಾರಣ ಹೇಳಬೇಕಂತ ಠರಾವ ಬರಸ್ರಿ. ಬರಸೂದು ಹೆಂಗಂತ ನಾ ಹೇಳಿಕೊಡತೇನಿ. ಅದರ ನಕಲು ಅವರ ಕೈಯಾಗ ಕೊಟ್ಟು, ಮುಟ್ಟೇತಿ ಅಂತ ಸಹಿ ತಗೊಂಡ ಬರ್ರಿ. ಅವರು ಬಂದು ಹೇಳಿದ್ರ ನಡುವ ಬಾಯಿ ಹಾಕಲಾರದ ಪೂರಾ ಕೇಳ್ರಿ. ಬರಲಿಲ್ಲಂದ್ರ ಮುಂದಿನ ಸಲ ಅವರಿಗೆ ಓಟ ಹಾಕಬ್ಯಾಡ್ರಿ.